ಕ್ಯಾನ್ಸರ್ ರೋಗಿಯ ಖಿನ್ನತೆ: ಅಂಕೆಗೆ ಸಿಗುವುದೆಷ್ಟು, ಜಾರುವುದೆಷ್ಟು?

ಬೆಂಗಳೂರು: ಕ್ಯಾನ್ಸರ್ ರೋಗಿಯ ಕಡತದಲ್ಲಿ ಅಂಕೆಗಳಿಗೆ ಬರವಿಲ್ಲ. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಪ್ರಮಾಣ, ಬಿಳಿ ರಕ್ತಕಣಗಳ ಎಣಿಕೆ, ಗಡ್ಡೆಯ ಗಾತ್ರ ಎಲ್ಲವೂ ದಿನಾಂಕ ಸಹಿತ ದಾಖಲಾಗುತ್ತವೆ. ಒಂದು ಅಂಕೆ ಕೊಂಚ ಏರುಪೇರಾದರೂ ಮುಂದಿನ ಸುತ್ತಿನ ಕಿಮೊಥೆರಪಿ ವಾರ ಮುಂದಕ್ಕೆ ಹೋಗುತ್ತದೆ. ಆದರೆ ಅದೇ ರೋಗಿ ಎರಡು ವಾರಗಳಿಂದ ಯಾರೊಡನೆಯೂ ಮಾತನಾಡುತ್ತಿಲ್ಲ, ಮೊಮ್ಮಗುವನ್ನು ಎತ್ತಿಕೊಳ್ಳುವುದೂ ಬೇಡವಾಗಿದೆ ಎಂಬ ಸಂಗತಿಗೆ ಹಲವು ಕಡತಗಳಲ್ಲಿ ಒಂದು ಸಾಲಿನ ಸ್ಥಳವೂ ಇರುವುದಿಲ್ಲ.

ಈ ಕೊರತೆ ಹೊಸದಲ್ಲ. ಆದರೆ ಚಿಕಿತ್ಸೆಯ ಸ್ವರೂಪ ಬದಲಾಗುತ್ತಿರುವ ಇಂದಿನ ದಿನಗಳಲ್ಲಿ ಅದು ಹೊಸ ಮಹತ್ವ ಪಡೆದುಕೊಂಡಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮೂರು ವರ್ಷಗಳೊಳಗೆ ಡೇ ಕೇರ್ ಕ್ಯಾನ್ಸರ್ ಕೇಂದ್ರಗಳನ್ನು ತೆರೆಯುವುದಾಗಿ, ಅವುಗಳಲ್ಲಿ 200 ಕೇಂದ್ರಗಳನ್ನು ಮೊದಲ ವರ್ಷವೇ ಆರಂಭಿಸುವುದಾಗಿ ಕೇಂದ್ರ ಸರ್ಕಾರ 2025-26ರ ಬಜೆಟ್‌ನಲ್ಲಿ ಪ್ರಕಟಿಸಿತು. ಕರ್ನಾಟಕದಲ್ಲೂ 2025ರಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೊಥೆರಪಿ ಆರಂಭವಾಯಿತು. ರಾಜಧಾನಿಯ ಖಾಸಗಿ ಆಸ್ಪತ್ರೆಗಳಲ್ಲಿ ಈ ಪದ್ಧತಿ ಅದಕ್ಕೂ ಹಿಂದಿನಿಂದ ಇದೆ. ಬೆಳಿಗ್ಗೆ ಬಂದು, ಮಧ್ಯಾಹ್ನದವರೆಗೆ ಡ್ರಿಪ್ ಹಾಕಿಸಿಕೊಂಡು, ಸಂಜೆ ಮನೆ ಸೇರುವುದು ಈಗ ಸಾಮಾನ್ಯ.

ರೋಗಿಗೂ ಕುಟುಂಬಕ್ಕೂ ಇದು ದೊಡ್ಡ ಅನುಕೂಲ. ಕೆಂಗೇರಿಯ ಗೃಹಿಣಿ ವಾರಗಟ್ಟಲೆ ಮನೆ ಬಿಟ್ಟಿರಬೇಕಿಲ್ಲ. ರಾಜಾಜಿನಗರದ ಕಾರ್ಖಾನೆ ನೌಕರನ ಪತ್ನಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಮಲಗಬೇಕಿಲ್ಲ. ಆದರೆ ಒಂದು ನಷ್ಟವೂ ಇದೆ. ವಾರ್ಡ್‌ನಲ್ಲಿ ಹತ್ತು ದಿನ ಮಲಗಿದ್ದ ರೋಗಿ ಗೋಡೆಯ ಕಡೆ ಮುಖ ಮಾಡಿದ್ದನ್ನು, ತಂದಿಟ್ಟ ಊಟ ಹಾಗೆಯೇ ಉಳಿದಿದ್ದನ್ನು ರಾತ್ರಿ ಪಾಳಿಯ ದಾದಿ ಗಮನಿಸುತ್ತಿದ್ದರು. ಈಗ ಆ ಕಣ್ಣು ಇಲ್ಲ. ಕಾಣುವ ಕಣ್ಣಿನ ಜಾಗವನ್ನು ಕೇಳುವ ಪ್ರಶ್ನೆ ತುಂಬಬೇಕಾಗಿದೆ. ಆ ಪ್ರಶ್ನೆ ಯಾವುದು, ಅದನ್ನು ಯಾರು, ಯಾವಾಗ, ಯಾವ ಭಾಷೆಯಲ್ಲಿ ಕೇಳಬೇಕು ಎಂಬುದೇ ಈಗಿನ ಸವಾಲು.

'ಬೇಜಾರಾಗದೆ ಇರುತ್ತದೆಯೇ?'

'ಕ್ಯಾನ್ಸರ್ ಬಂದ ಮೇಲೆ ಬೇಜಾರಾಗದೆ ಇರುತ್ತದೆಯೇ?' ಖಿನ್ನತೆಯ ಮಾತೆತ್ತಿದಾಗ ಮನೆಯವರಿಂದ ಮೊದಲು ಬರುವ ಉತ್ತರವಿದು. ಕೆಲವೊಮ್ಮೆ ವೈದ್ಯರಿಂದಲೂ ಇದೇ ಮಾತು ಕೇಳಿಬರುತ್ತದೆ. ಮೇಲ್ನೋಟಕ್ಕೆ ಇದು ಸಹಾನುಭೂತಿಯ ಮಾತು. ಪರಿಣಾಮದಲ್ಲಿ ಮಾತ್ರ ಇದು ಚಿಕಿತ್ಸೆಯ ಬಾಗಿಲು ಮುಚ್ಚುವ ಮಾತು.

ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಮನೋವೈದ್ಯಕೀಯ ಸಂದರ್ಶನದ ಮೂಲಕ ನಡೆಸಿದ 94 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2011ರಲ್ಲಿ 'ಲ್ಯಾನ್ಸೆಟ್ ಆಂಕಾಲಜಿ' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಕ್ಯಾನ್ಸರ್ ಚಿಕಿತ್ಸಾ ಕೇಂದ್ರಗಳ ರೋಗಿಗಳಲ್ಲಿ ಶೇ 16ರಷ್ಟು ಮಂದಿಗೆ ಖಿನ್ನತೆ ಇತ್ತು. ಉಪಶಾಮಕ ಆರೈಕೆಯಲ್ಲಿದ್ದವರಲ್ಲೂ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಎಂದರೆ, ಆರು ಮಂದಿಯಲ್ಲಿ ಒಬ್ಬರಿಗೆ. ಇದನ್ನು ತಿರುಗಿಸಿ ಓದಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ: ಆರು ಮಂದಿಯಲ್ಲಿ ಐವರಿಗೆ ಖಿನ್ನತೆ ಇರಲಿಲ್ಲ. ಅವರಿಗೂ ದುಃಖವಿತ್ತು, ಭಯವಿತ್ತು, ನಿದ್ದೆಗೆಟ್ಟ ರಾತ್ರಿಗಳಿದ್ದವು. ಆದರೆ ಒಳ್ಳೆಯ ಸುದ್ದಿ ಬಂದಾಗ ಮನಸ್ಸು ಹಗುರಾಗುತ್ತಿತ್ತು. ಖಿನ್ನತೆಯಲ್ಲಿ ಹಾಗಾಗುವುದಿಲ್ಲ. ಅದು ಕ್ಯಾನ್ಸರ್‌ನ ಸಹಜ ನೆರಳಲ್ಲ. ಕ್ಯಾನ್ಸರ್ ಜೊತೆಗೆ ಬಂದ, ಬೇರೆಯೇ ಚಿಕಿತ್ಸೆ ಬೇಡುವ ಇನ್ನೊಂದು ಕಾಯಿಲೆ.

ಸ್ಕಾಟ್ಲೆಂಡ್‌ನ ಕ್ಯಾನ್ಸರ್ ಕ್ಲಿನಿಕ್‌ಗಳ 21 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಆಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀವ್ರ ಖಿನ್ನತೆ ಇದ್ದವರ ಪೈಕಿ ಶೇ 73 ಮಂದಿಗೆ ಪರಿಣಾಮಕಾರಿ ಎನ್ನಬಹುದಾದ ಯಾವ ಚಿಕಿತ್ಸೆಯೂ ಸಿಗುತ್ತಿರಲಿಲ್ಲ. ಸುವ್ಯವಸ್ಥಿತ ಸಾರ್ವಜನಿಕ ಆರೋಗ್ಯ ಸೇವೆ ಇರುವ ನಾಡಿನ ಕಥೆ ಇದು.

ಎರಡು ಹನ್ನೆರಡುಗಳ ನಡುವೆ

ಖಿನ್ನತೆ ಅಳೆಯಲು ಇಂದು ಹೆಚ್ಚು ಬಳಕೆಯಲ್ಲಿರುವುದು 'ಪಿಎಚ್‌ಕ್ಯು-9' ಎಂಬ ಒಂದು ಪುಟದ ಪ್ರಶ್ನಾವಳಿ. ಅಮೆರಿಕದ ಸಂಶೋಧಕರಾದ ಕ್ರೊಯೆಂಕೆ, ಸ್ಪಿಟ್ಜರ್ ಮತ್ತು ವಿಲಿಯಮ್ಸ್ 2001ರಲ್ಲಿ ಇದರ ಸಿಂಧುತ್ವವನ್ನು ಪ್ರಕಟಿಸಿದರು. ಬಳಕೆಗೆ ಶುಲ್ಕವಿಲ್ಲ. ಕನ್ನಡ ಅನುವಾದವೂ ಲಭ್ಯವಿದೆ. ಕಳೆದ ಎರಡು ವಾರಗಳಲ್ಲಿ ಒಂಬತ್ತು ತೊಂದರೆಗಳು ಎಷ್ಟು ದಿನ ಕಾಡಿದವು ಎಂದು ಇದು ವಿಚಾರಿಸುತ್ತದೆ: ಆಸಕ್ತಿ ಕುಂದುವುದು, ಮನಸ್ಸು ಕುಗ್ಗುವುದು, ನಿದ್ದೆಯ ತೊಂದರೆ, ಸುಸ್ತು, ಹಸಿವಿನ ಏರುಪೇರು, ತನ್ನ ಬಗ್ಗೆಯೇ ಕೀಳರಿಮೆ, ಏಕಾಗ್ರತೆಯ ಕೊರತೆ, ಚಲನೆಯಲ್ಲಿ ನಿಧಾನ ಅಥವಾ ಚಡಪಡಿಕೆ, ಸಾವಿನ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ. ಪ್ರತಿಯೊಂದಕ್ಕೂ 0ಯಿಂದ 3 ಅಂಕ. ಒಟ್ಟು 27. ಸಾಮಾನ್ಯವಾಗಿ 10 ಅಥವಾ ಹೆಚ್ಚು ಬಂದರೆ ಹೆಚ್ಚಿನ ತಪಾಸಣೆ ಬೇಕೆಂದು ಪರಿಗಣಿಸಲಾಗುತ್ತದೆ.

ಕ್ಯಾನ್ಸರ್ ರೋಗಿಯ ಮುಂದೆ ಇಟ್ಟಾಗ ಈ ಸರಳ ಲೆಕ್ಕ ತೊಡಕಾಗುತ್ತದೆ. ಉದಾಹರಣೆಗೆ ಇಬ್ಬರು ರೋಗಿಗಳನ್ನು ಊಹಿಸಿಕೊಳ್ಳಬಹುದು. ಮೊದಲನೆಯವರಿಗೆ ನಿದ್ದೆ, ಸುಸ್ತು, ಹಸಿವು ಮೂರರಲ್ಲೂ ತಲಾ 3, ಏಕಾಗ್ರತೆಗೆ 2, ನಿಧಾನಗತಿಗೆ 1 ಅಂಕ. ಒಟ್ಟು 12. ಎರಡನೆಯವರಿಗೆ ಆಸಕ್ತಿ, ಮನಸ್ಸಿನ ಕುಗ್ಗುವಿಕೆ, ಕೀಳರಿಮೆ ಮೂರರಲ್ಲೂ ತಲಾ 3, ನಿದ್ದೆಗೆ 1, ಸಾವಿನ ಯೋಚನೆಗೆ 2 ಅಂಕ. ಇಲ್ಲಿಯೂ ಒಟ್ಟು 12.

ಮೊದಲನೆಯವರ ಹನ್ನೆರಡು ಬಹುಪಾಲು ಕಿಮೊಥೆರಪಿಯ ಹನ್ನೆರಡು. ಔಷಧಿಯಿಂದ ಹಸಿವು ಹೋಗಿದೆ, ರಕ್ತಹೀನತೆಯಿಂದ ಸುಸ್ತಾಗಿದೆ, ವಾಕರಿಕೆಯಿಂದ ನಿದ್ದೆ ಕೆಟ್ಟಿದೆ. ಎರಡನೆಯವರ ಹನ್ನೆರಡು ಅಪಾಯದ ಗಂಟೆ. ಕಡತದಲ್ಲಿ ಬರಿಯ '12' ಎಂದು ಬರೆದಿಟ್ಟರೆ ಇವರಿಬ್ಬರೂ ಒಂದೇ. ಮೊದಲನೆಯವರಿಗೆ ಬೇಡದ ಮಾತ್ರೆ ಸಿಗಬಹುದು, ಎರಡನೆಯವರಿಗೆ ಬರಿಯ ಸಾಂತ್ವನದ ಮಾತು. ಒಂದು ಅಂಕೆಯ ಹಿಂದೆ ಒಂದು ಜೀವ ಮರೆಯಾಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಒಂಬತ್ತನೇ ಪ್ರಶ್ನೆಗೆ ಸೊನ್ನೆಯ ಹೊರತು ಯಾವುದೇ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಅದೇ ದಿನ ರೋಗಿಯೊಡನೆ ಮಾತನಾಡಬೇಕು ಎಂದು ತಜ್ಞರು ಒತ್ತಿ ಹೇಳುವುದು ಇದಕ್ಕಾಗಿಯೇ.

ಈ ತೊಡಕನ್ನು ಬಿಡಿಸುವ ಯತ್ನಗಳು ಹಿಂದಿನಿಂದಲೂ ನಡೆದಿವೆ. 1983ರಲ್ಲಿ ಬ್ರಿಟನ್ನಿನ ಜಿಗ್ಮಂಡ್ ಮತ್ತು ಸ್ನೇಯ್ತ್ ರೂಪಿಸಿದ 'ಹ್ಯಾಡ್ಸ್' ಎಂಬ 14 ಪ್ರಶ್ನೆಗಳ ಮಾಪಕ ಆಸ್ಪತ್ರೆಯ ರೋಗಿಗಳಿಗೆಂದೇ ಸಿದ್ಧವಾದದ್ದು. ಹಸಿವು, ನಿದ್ದೆ, ತೂಕಗಳಂತಹ ದೈಹಿಕ ಲಕ್ಷಣಗಳನ್ನು ಅದು ಉದ್ದೇಶಪೂರ್ವಕವಾಗಿಯೇ ಕೈಬಿಟ್ಟಿತು. ಮರುವರ್ಷ, 1984ರಲ್ಲಿ, ಜೀನ್ ಎಂಡಿಕಾಟ್ ಇನ್ನೊಂದು ದಾರಿ ತೋರಿದರು. ಕ್ಯಾನ್ಸರ್ ರೋಗಿಯಲ್ಲಿ ದೈಹಿಕ ಲಕ್ಷಣಗಳ ಬದಲಿಗೆ ಅಳುಮೋರೆ, ಜನರಿಂದ ದೂರ ಸರಿಯುವುದು, ಕೊರಗುವುದು, ಯಾವುದರಿಂದಲೂ ಹುರುಪಾಗದಿರುವುದು ಇವುಗಳನ್ನು ಎಣಿಸಬೇಕೆಂದು ಸೂಚಿಸಿದರು. 1998ರಲ್ಲಿ ಬಳಕೆಗೆ ಬಂದ 'ಡಿಸ್ಟ್ರೆಸ್ ಥರ್ಮಾಮೀಟರ್' ಇನ್ನೂ ಸರಳ. ಜ್ವರಮಾಪಕದ ಚಿತ್ರದ ಮೇಲೆ 0ಯಿಂದ 10ರವರೆಗೆ ತನ್ನ ಸಂಕಟ ಎಷ್ಟೆಂದು ರೋಗಿಯೇ ಗುರುತು ಹಾಕಬೇಕು.

ದೈಹಿಕ ಲಕ್ಷಣಗಳನ್ನು ಪೂರ್ತಿ ಬಿಟ್ಟರೂ ತೊಂದರೆ ತಪ್ಪದು. ನಮ್ಮಲ್ಲಿ ಮನಸ್ಸಿನ ನೋವನ್ನು ದೇಹದ ಮಾತಿನಲ್ಲಿ ಹೇಳುವವರೇ ಹೆಚ್ಚು. ತಲೆ ಭಾರ, ಎದೆ ಉರಿ, ಕೈಕಾಲಿನಲ್ಲಿ ಶಕ್ತಿಯಿಲ್ಲ ಎಂಬ ದೂರುಗಳನ್ನೇ ಕೈಬಿಟ್ಟರೆ ಖಿನ್ನರಾದ ಕೆಲವರು ಲೆಕ್ಕದಿಂದಲೇ ಜಾರಿಹೋಗುತ್ತಾರೆ.

ಯಾವ ಕನ್ನಡದಲ್ಲಿ ಕೇಳಬೇಕು?

ಪ್ರಶ್ನೆಯ ಭಾಷೆ ಎರಡನೆಯ ತೊಡಕು. 'ಖಿನ್ನತೆ' ಪುಸ್ತಕದ ಮಾತು. ವಿಜಯನಗರದ ತರಕಾರಿ ವ್ಯಾಪಾರಿಯಾಗಲಿ, ಬಸವೇಶ್ವರನಗರದ ನಿವೃತ್ತ ಶಿಕ್ಷಕಿಯಾಗಲಿ ತಮ್ಮ ಬಗ್ಗೆ ಆ ಪದ ಬಳಸುವುದು ಅಪರೂಪ. ಬಳಸುವ ಪದ 'ಬೇಜಾರು'. ಆದರೆ ಕನ್ನಡದಲ್ಲಿ ಬಸ್ಸು ತಡವಾದರೂ ಬೇಜಾರು, ನೆಂಟರು ಮಾತನಾಡಿಸದಿದ್ದರೂ ಬೇಜಾರು, ಬದುಕು ಸಾಕಾದರೂ ಬೇಜಾರೇ. 'ನಿಮಗೆ ಬೇಜಾರಾಗುತ್ತದೆಯೇ?' ಎಂಬ ಪ್ರಶ್ನೆಗೆ 'ಹೌದು' ಎಂದವರೆಲ್ಲ ಒಂದೇ ಉತ್ತರ ಕೊಟ್ಟಂತಾಗುವುದಿಲ್ಲ.

ಹ್ಯಾಡ್ಸ್ ಮಾಪಕದಲ್ಲಿ ಆತಂಕದ ಬಗ್ಗೆ ಒಂದು ಪ್ರಶ್ನೆ ಇಂಗ್ಲಿಷ್ ನುಡಿಗಟ್ಟನ್ನು ಆಧರಿಸಿದೆ. ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂತಾಗುವುದು ಎಂದು ಪದಕ್ಕೆ ಪದ ಇಟ್ಟರೆ ಕನ್ನಡದ ರೋಗಿ ಕಕ್ಕಾಬಿಕ್ಕಿಯಾಗುವುದು ಖಚಿತ. 'ಎದೆ ಡವಡವ ಎನ್ನುತ್ತದೆಯೇ?' ಎಂದರೆ ತಕ್ಷಣ ಅರ್ಥವಾಗುತ್ತದೆ. ಒಳ್ಳೆಯ ಪುಸ್ತಕವನ್ನೋ ರೇಡಿಯೊ, ಟಿವಿ ಕಾರ್ಯಕ್ರಮವನ್ನೋ ಸವಿಯಲು ಸಾಧ್ಯವೇ ಎಂಬ ಪ್ರಶ್ನೆಯೂ ಅಷ್ಟೇ. ದಿನವಿಡೀ ಗಾರ್ಮೆಂಟ್ ಕಾರ್ಖಾನೆಯಲ್ಲಿ ದುಡಿದು ಮನೆಗೆಲಸಕ್ಕೆ ನಿಲ್ಲುವ ಹೆಣ್ಣುಮಗಳಿಗೆ ಸಂತೋಷದ ಗುರುತು ಬೇರೆಯೇ ಇರಬಹುದು. ಸಂಜೆ ಹೂ ಕಟ್ಟುವುದು, ದೇವಸ್ಥಾನಕ್ಕೆ ಹೋಗುವುದು, ಪಕ್ಕದ ಮನೆಯವರೊಡನೆ ಹರಟುವುದು ನಿಂತುಹೋಗಿದ್ದರೆ ಅದೇ ಲಕ್ಷಣ.

ಇನ್ನು 'ದೇವರು ಬೇಗ ಕರೆಸಿಕೊಳ್ಳಲಿ' ಎಂಬ ಮಾತು. ಹಳೇ ಮೈಸೂರು ಸೀಮೆಯ ಹಿರಿಯರ ಬಾಯಲ್ಲಿ ಇದು ಎಷ್ಟೋ ಸಲ ಬರಿಯ ರೂಢಿಯ ಮಾತು. ಕೆಲವರಲ್ಲಿ ಮಾತ್ರ ಅದು ನಿಜವಾದ ಸಾವಿನ ಬಯಕೆ. 'ಮಕ್ಕಳಿಗೆ ಭಾರವಾಗಿದ್ದೇನೆ' ಎಂಬುದೂ ಹಾಗೆಯೇ. ಆಸ್ಪತ್ರೆ ಖರ್ಚಿನ ವಾಸ್ತವವನ್ನು ಹೇಳುವವರೂ ಉಂಟು, ತನ್ನ ಬದುಕೇ ವ್ಯರ್ಥ ಎನ್ನುವವರೂ ಉಂಟು. ಯಾವ ಮಾಪಕವೂ ಇವೆರಡನ್ನು ಬೇರ್ಪಡಿಸಲಾರದು. ಬೇರ್ಪಡಿಸಬಲ್ಲದ್ದು ಎರಡನೆಯ ಪ್ರಶ್ನೆ, ಅದನ್ನು ಕೇಳುವವರ ತಾಳ್ಮೆ.

ಒಂದೇ ಭಾಷೆಯೊಳಗೂ ಪ್ರಶ್ನೆಯ ಫಲ ಬದಲಾಗುತ್ತದೆ. 'ನೀವು ಖಿನ್ನರಾಗಿದ್ದೀರಾ?' ಎಂಬ ಒಂದೇ ಪ್ರಶ್ನೆ ಕೆನಡಾದಲ್ಲಿ ಕೊನೆಯ ಹಂತದ 197 ರೋಗಿಗಳ ಪೈಕಿ ಖಿನ್ನತೆ ಇದ್ದವರನ್ನೆಲ್ಲ ಸರಿಯಾಗಿ ಗುರುತಿಸಿತೆಂದು 1997ರಲ್ಲಿ ವರದಿಯಾಯಿತು. ಬ್ರಿಟನ್ನಿನಲ್ಲಿ ನಂತರ ಅದೇ ಪ್ರಶ್ನೆ ಸುಮಾರು ಅರ್ಧದಷ್ಟು ಮಂದಿಯನ್ನಷ್ಟೇ ಹಿಡಿಯಿತು. ಇಂಗ್ಲಿಷ್‌ನಿಂದ ಇಂಗ್ಲಿಷ್‌ಗೇ ಇಷ್ಟು ಅಂತರವಿರುವಾಗ, ಕನ್ನಡದ ಜೊತೆ ತಮಿಳು, ತೆಲುಗು, ಉರ್ದು ಬೆರೆತ ಬೆಂಗಳೂರಿನ ಪಶ್ಚಿಮ ಬಡಾವಣೆಗಳಲ್ಲಿ ಅನುವಾದವನ್ನು ಸ್ಥಳೀಯ ರೋಗಿಗಳ ಮೇಲೆ ಪರೀಕ್ಷಿಸದೆ ಬಳಸುವುದು ಸಲ್ಲದು.

ಪಕ್ಕದಲ್ಲಿ ಯಾರಿದ್ದಾರೆ?

ಪ್ರಶ್ನೆ ಕೇಳುವಾಗ ಕೋಣೆಯಲ್ಲಿ ಯಾರಿದ್ದಾರೆ ಎಂಬುದೂ ಉತ್ತರವನ್ನು ನಿರ್ಧರಿಸುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ರೋಗಿ ಒಬ್ಬರೇ ಬರುವುದು ವಿರಳ. ಮಗ, ಸೊಸೆ, ಗಂಡ ಯಾರಾದರೂ ಜೊತೆಗಿರುತ್ತಾರೆ. ಎಷ್ಟೋ ಸಲ ಉತ್ತರ ಹೇಳುವವರೂ ಅವರೇ. 'ನಮ್ಮಮ್ಮ ಧೈರ್ಯವಂತರು ಡಾಕ್ಟ್ರೇ, ಅಂಥದ್ದೇನೂ ಇಲ್ಲ' ಎಂದು ಮಗ ಹೇಳಿದ ಮೇಲೆ ತಾಯಿ ಬಾಯಿ ಬಿಡುವುದುಂಟೇ?

ಇನ್ನೂ ಸೂಕ್ಷ್ಮವಾದ ಸಂಗತಿಯೆಂದರೆ, ತನಗಿರುವುದು ಕ್ಯಾನ್ಸರ್ ಎಂಬುದೇ ಕೆಲವು ರೋಗಿಗಳಿಗೆ ತಿಳಿದಿರುವುದಿಲ್ಲ. 'ಗಡ್ಡೆ', 'ಹುಣ್ಣು' ಎಂದಷ್ಟೇ ಹೇಳಿ ಕುಟುಂಬ ಸತ್ಯ ಮುಚ್ಚಿಟ್ಟಿರುತ್ತದೆ. ಇದು ಬೆಂಗಳೂರಿನ ಸಂಶೋಧಕರು ಬಹಳ ಹಿಂದೆಯೇ ಕೈಗೆತ್ತಿಕೊಂಡ ವಿಷಯ. ನಿಮ್ಹಾನ್ಸ್‌ನ ಮನೋವೈದ್ಯರಾದ ಪ್ರಭಾ ಚಂದ್ರ, ಸಂತೋಷ್ ಚತುರ್ವೇದಿ ಮತ್ತು ಸಹೋದ್ಯೋಗಿಗಳು ದಕ್ಷಿಣ ಭಾರತದ ಕ್ಯಾನ್ಸರ್ ರೋಗಿಗಳಲ್ಲಿ ರೋಗದ ಅರಿವಿಗೂ ಮಾನಸಿಕ ತೊಂದರೆಗೂ ಇರುವ ಸಂಬಂಧ ಕುರಿತ ಅಧ್ಯಯನವನ್ನು 1998ರಲ್ಲಿ ಪ್ರಕಟಿಸಿದ್ದರು. ರೋಗದ ಹೆಸರನ್ನೇ ಮರೆಮಾಚಿದ ಮನೆಯಲ್ಲಿ ಮನಸ್ಸಿನ ಪ್ರಶ್ನೆಯನ್ನು ಕೇಳುವುದು ಹೇಗೆ ಎಂಬುದು ಇಂದಿಗೂ ದಿನನಿತ್ಯದ ಸಮಸ್ಯೆಯೇ.

ಸಮಯವೂ ಲೆಕ್ಕಕ್ಕೆ ಬರುತ್ತದೆ. ಅನೇಕ ಕಿಮೊಥೆರಪಿ ಸುತ್ತುಗಳು 21 ದಿನಗಳಿಗೊಮ್ಮೆ ಬರುತ್ತವೆ. ಮೊದಲ ವಾರದ ಯಾತನೆ ಮೂರನೇ ವಾರಕ್ಕೆ ಇಳಿದಿರುತ್ತದೆ. ಎರಡು ವಾರಗಳ ನೆನಪನ್ನು ಕೇಳುವ ಪ್ರಶ್ನಾವಳಿಯನ್ನು ಒಮ್ಮೆ ಸುತ್ತಿನ ಹತ್ತನೇ ದಿನ, ಇನ್ನೊಮ್ಮೆ ಇಪ್ಪತ್ತೊಂದನೇ ದಿನ ಕೊಟ್ಟರೆ ಎರಡು ಅಂಕಗಳ ಹೋಲಿಕೆಗೆ ಅರ್ಥವಿಲ್ಲ. ವಾಕರಿಕೆ ತಡೆಯಲು ಕೊಡುವ ಸ್ಟಿರಾಯ್ಡ್‌ಗಳು ಮನಸ್ಥಿತಿಯನ್ನು ಏರಿಳಿಸಬಲ್ಲವು. ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಥೈರಾಯ್ಡ್ ಕುಂದಿದರೆ ಅದೂ ಖಿನ್ನತೆಯಂತೆಯೇ ಕಾಣುತ್ತದೆ. ತಂಬಾಕಿನಿಂದಾಗಿ ಬಾಯಿ, ಗಂಟಲಿನ ಕ್ಯಾನ್ಸರ್ ಹೆಚ್ಚಿರುವ ನಮ್ಮ ನಾಡಿನಲ್ಲಿ ಈ ಸಾಧ್ಯತೆಯನ್ನು ಮರೆಯುವಂತಿಲ್ಲ. ಹತೋಟಿಗೆ ಬಾರದ ನೋವಂತೂ ಯಾರ ಮನಸ್ಸನ್ನಾದರೂ ಮುರಿಯುತ್ತದೆ. ಆದ್ದರಿಂದ ಅಂಕ ಹೆಚ್ಚು ಬಂದಾಗ ನೋವಿನ ಪ್ರಮಾಣ, ರಕ್ತ ಪರೀಕ್ಷೆ, ಥೈರಾಯ್ಡ್, ಔಷಧಿ ಪಟ್ಟಿ ಇವುಗಳನ್ನೂ ಜೊತೆಗೇ ನೋಡಬೇಕಾಗುತ್ತದೆ.

ಎಣಿಸಿದ ಮೇಲೆ ಮುಂದೇನು?

ನೂರು ರೋಗಿಗಳಲ್ಲಿ 16 ಮಂದಿಗೆ ಖಿನ್ನತೆ ಇದೆ ಎಂದಿಟ್ಟುಕೊಳ್ಳೋಣ. ಖಿನ್ನತೆ ಇದ್ದವರಲ್ಲಿ ಶೇ 80 ಮಂದಿಯನ್ನು ಗುರುತಿಸುವ, ಇಲ್ಲದವರಲ್ಲಿ ಶೇ 80 ಮಂದಿಯನ್ನು ಸರಿಯಾಗಿ ಬಿಟ್ಟುಕೊಡುವ ಒಳ್ಳೆಯ ಮಾಪಕವೇ ಕೈಯಲ್ಲಿದೆ ಎನ್ನೋಣ. ಅದು 16ರಲ್ಲಿ ಸುಮಾರು 13 ಮಂದಿಯನ್ನು ಹಿಡಿಯುತ್ತದೆ. ಉಳಿದ 84ರಲ್ಲಿ ಸುಮಾರು 17 ಮಂದಿಯನ್ನು ತಪ್ಪಾಗಿ ಸೇರಿಸುತ್ತದೆ. ಒಟ್ಟು 30 ಮಂದಿಯ ಹೆಸರಿನ ಮುಂದೆ ಕೆಂಪು ಗುರುತು ಬೀಳುತ್ತದೆ, ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಖಿನ್ನತೆಯೇ ಇಲ್ಲ. ಮೂವರು ನಗುನಗುತ್ತಲೇ ಮನೆಗೆ ಹೋಗುತ್ತಾರೆ, ಅವರಿಗೆ ಖಿನ್ನತೆ ಇದೆ.

ಇದು ಮಾಪಕದ ಸೋಲಲ್ಲ, ಅದರ ಮಿತಿ. ಮಾಪಕ ಜರಡಿಯೇ ಹೊರತು ತೀರ್ಪಲ್ಲ. ಜರಡಿಯಲ್ಲಿ ಉಳಿದ 30 ಮಂದಿಯೊಡನೆ ಅರ್ಧ ತಾಸು ಕುಳಿತು ಮಾತನಾಡುವ ತರಬೇತಾದ ದಾದಿಯೋ ಆಪ್ತಸಮಾಲೋಚಕರೋ ಮನೋವೈದ್ಯರೋ ಇಲ್ಲದಿದ್ದರೆ ಜರಡಿ ಹಿಡಿದೂ ಪ್ರಯೋಜನವಿಲ್ಲ. ಸಂಕಟವನ್ನು ಕೇಳಿ ತಿಳಿದು ನಂತರ ಸುಮ್ಮನಾಗುವುದು, ಕೇಳದೇ ಇರುವುದಕ್ಕಿಂತಲೂ ಕ್ರೂರ.

ಮುಂದಿನ ಹೆಜ್ಜೆ ಇಟ್ಟರೆ ಫಲ ಉಂಟು ಎಂಬುದಕ್ಕೆ ಗಟ್ಟಿ ಪುರಾವೆ ಇದೆ. ಸ್ಕಾಟ್ಲೆಂಡ್‌ನಲ್ಲಿ ಕ್ಯಾನ್ಸರ್ ಜೊತೆ ತೀವ್ರ ಖಿನ್ನತೆ ಇದ್ದ 500 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2014ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾಯಿತು. ಮನೋವೈದ್ಯರ ಮೇಲ್ವಿಚಾರಣೆಯಲ್ಲಿ ಕ್ಯಾನ್ಸರ್ ದಾದಿಯರೇ ಆರೈಕೆ ನಡೆಸಿದ ಗುಂಪಿನಲ್ಲಿ ಆರು ತಿಂಗಳ ಹೊತ್ತಿಗೆ ಶೇ 62 ಮಂದಿಯ ಖಿನ್ನತೆ ಅರ್ಧಕ್ಕಿಂತ ಕೆಳಗಿಳಿದಿತ್ತು ಅಥವಾ ಅರ್ಧಕ್ಕೆ ಬಂದಿತ್ತು. ಎಂದಿನ ಆರೈಕೆ ಪಡೆದ ಗುಂಪಿನಲ್ಲಿ ಈ ಪ್ರಮಾಣ ಶೇ 17 ಮಾತ್ರ. ಔಷಧಿ ಆಯ್ಕೆಯಲ್ಲೂ ತಜ್ಞರ ಎಚ್ಚರ ಬೇಕು. ಸ್ತನ ಕ್ಯಾನ್ಸರ್‌ಗೆ ಟಾಮೊಕ್ಸಿಫೆನ್ ಸೇವಿಸುತ್ತಿರುವವರಿಗೆ ಪರಾಕ್ಸೆಟಿನ್‌ನಂತಹ ಕೆಲವು ಖಿನ್ನತೆ ನಿವಾರಕಗಳನ್ನು ಕೊಟ್ಟರೆ ಟಾಮೊಕ್ಸಿಫೆನ್‌ನ ಪರಿಣಾಮವೇ ಕುಗ್ಗಬಹುದು. ಔಷಧಿ ಅಂಗಡಿಯಿಂದ ತಾವೇ ತಂದು ನುಂಗುವುದು ಇಲ್ಲಿ ದುಪ್ಪಟ್ಟು ಅಪಾಯ.

ಒಂದು ಗೋಡೆಯ ಅಂತರ, ಒಂದು ನಗರದ ದೂರ

ಬೆಂಗಳೂರಿಗೆ ಒಂದು ವಿಶೇಷವಿದೆ. 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯೂ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಕೂಡ ನೆರೆಹೊರೆಯವು. ದೇಶದ ಪ್ರಮುಖ ಕ್ಯಾನ್ಸರ್ ಕೇಂದ್ರಗಳಲ್ಲೊಂದು, ಪ್ರಮುಖ ಮಾನಸಿಕ ಆರೋಗ್ಯ ಸಂಸ್ಥೆಯ ಪಕ್ಕದಲ್ಲೇ ಇರುವ ಭಾಗ್ಯ ಬೇರೆ ಎಷ್ಟು ನಗರಗಳಿಗಿದೆ? ಮನೋ-ಕ್ಯಾನ್ಸರ್ ಶಾಸ್ತ್ರದ ಕೆಲಸ ಇಲ್ಲಿ ಬೇಗನೆ ಬೇರುಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಆ ನೆರೆಹೊರೆಯ ಲಾಭ ಕೆಂಗೇರಿಗೆ, ಬಸವೇಶ್ವರನಗರಕ್ಕೆ ತಾನಾಗಿ ಹರಿದು ಬರುವುದಿಲ್ಲ. ಕಿಮೊಥೆರಪಿ ಮುಗಿಸಿ ಮನೆ ಸೇರಿದ ರೋಗಿಯನ್ನು ಮನೋವೈದ್ಯರನ್ನು ಕಾಣಲು ಇನ್ನೊಂದು ದಿನ ನಗರದ ಮತ್ತೊಂದು ಭಾಗಕ್ಕೆ ಕಳುಹಿಸಿದರೆ, ಖಿನ್ನತೆ ಇದ್ದವರೇ ಮೊದಲು ತಪ್ಪಿಸಿಕೊಳ್ಳುತ್ತಾರೆ. ಎದ್ದು ಹೊರಡುವ ಉತ್ಸಾಹವೇ ಇಲ್ಲದಿರುವುದು ಆ ಕಾಯಿಲೆಯ ಲಕ್ಷಣ. ಜೊತೆಗೆ ಬರುವವರಿಗೂ ಒಂದು ದಿನದ ಕೂಲಿ ನಷ್ಟ.

ಹೊಸ ಕಟ್ಟಡಗಳನ್ನು ಕಟ್ಟದೆಯೂ ಮಾಡಬಹುದಾದದ್ದು ಇದೆ. ರಾಜಾಜಿನಗರದ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆ ಸುತ್ತಲಿನ ಕೈಗಾರಿಕಾ ಪ್ರದೇಶಗಳ ವಿಮಾದಾರ ಕಾರ್ಮಿಕರಿಗೆ ನೆಲೆ. ಕ್ಯಾನ್ಸರ್‌ನಂತಹ ದೀರ್ಘಕಾಲದ ಕಾಯಿಲೆಗಳಿಗೆ ಇಎಸ್‌ಐ ಅರ್ಹ ಕಾರ್ಮಿಕರಿಗೆ ಸರಾಸರಿ ವೇತನದ ಶೇ 80ರಷ್ಟನ್ನು ಗರಿಷ್ಠ ಎರಡು ವರ್ಷಗಳವರೆಗೆ ವಿಸ್ತೃತ ಅನಾರೋಗ್ಯ ಭತ್ಯೆಯಾಗಿ ಕೊಡುವ ವ್ಯವಸ್ಥೆಯಿದೆ. ಈ ಭತ್ಯೆಯ ಕಾಗದಪತ್ರಕ್ಕೆ ಬರುವ ರೋಗಿಗೆ ಒಂದು ಪುಟದ ಪ್ರಶ್ನಾವಳಿಯನ್ನೂ ಓದಿ ಹೇಳುವುದು ಕಷ್ಟವಲ್ಲ. ಡೇ ಕೇರ್ ಹಾಸಿಗೆಯಲ್ಲಿ ಡ್ರಿಪ್ ಇಳಿಯುವ ತಾಸುಗಳು ಪ್ರತಿ ಆಸ್ಪತ್ರೆಯಲ್ಲೂ ಖಾಲಿಯೇ ಇರುತ್ತವೆ. ಜೊತೆಗಿರುವವರನ್ನು ಚಹಾಕ್ಕೆ ಕಳುಹಿಸಿ ದಾದಿ ಕೇಳಬಹುದಾದ ಸಮಯ ಅದು. ಪ್ರತಿ ಸುತ್ತಿನ ಅದೇ ದಿನ ಕೇಳಿದರೆ ಅಂಕಗಳನ್ನು ಹೋಲಿಸಲೂ ಬರುತ್ತದೆ.

ದೂರದ ಸಮಸ್ಯೆಗೆ ದೂರವಾಣಿಯ ಉತ್ತರವೂ ಉಂಟು. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಉಚಿತ ಸಹಾಯವಾಣಿಗೆ ನಿಮ್ಹಾನ್ಸ್ ಕೇಂದ್ರಬಿಂದು. 14416 ಸಂಖ್ಯೆಗೆ ದಿನದ 24 ಗಂಟೆಯೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಕ್ಯಾನ್ಸರ್ ಘಟಕದ ದಾದಿ ಅಲ್ಲೇ ಕರೆ ಮಾಡಿ ರೋಗಿಯ ಕೈಗೆ ಫೋನ್ ಕೊಡುವುದಕ್ಕೂ, ಸಂಖ್ಯೆ ಬರೆದ ಚೀಟಿ ಕೊಟ್ಟು ಕಳುಹಿಸುವುದಕ್ಕೂ ಬಹಳ ವ್ಯತ್ಯಾಸವಿದೆ.

ಕಾನೂನಿನ ಬೆಂಬಲವೂ ಇಲ್ಲದಿಲ್ಲ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಸರ್ಕಾರ ನಡೆಸುವ ಅಥವಾ ಧನಸಹಾಯ ನೀಡುವ ಸೇವೆಗಳಿಂದ ಮಾನಸಿಕ ಆರೋಗ್ಯ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕೆಂದು ಘೋಷಿಸಿದೆ. ದೈಹಿಕ ಕಾಯಿಲೆಗಳಿಗೆ ಸಮಾನವಾಗಿ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕೆಂದು ಹೇಳಿದೆ. ಕ್ಯಾನ್ಸರ್ ರೋಗಿ ಈ ಹಕ್ಕಿನಿಂದ ಹೊರಗಿಲ್ಲ.

ಡೇ ಕೇರ್ ಕೇಂದ್ರಗಳು ಹೆಚ್ಚಿದಂತೆ ಎಷ್ಟು ಹಾಸಿಗೆ, ಎಷ್ಟು ಯಂತ್ರ, ಎಷ್ಟು ಔಷಧಿ ಎಂಬ ಲೆಕ್ಕ ಸರ್ಕಾರದ ಕಡತಗಳಲ್ಲಿ ಸೇರುತ್ತಲೇ ಹೋಗುತ್ತದೆ. ಆ ಲೆಕ್ಕದಲ್ಲಿ ಮನಸ್ಸಿಗೂ ಒಂದು ಸಾಲು ಮೀಸಲಾಗಬೇಕು. ಆ ಸಾಲಿನಲ್ಲಿ ಒಟ್ಟು ಅಂಕವಷ್ಟೇ ಅಲ್ಲ, ಒಂಬತ್ತನೇ ಪ್ರಶ್ನೆಗೆ ಬಂದ ಉತ್ತರ, ಅಂದೇ ರೋಗಿಯೊಡನೆ ಮಾತನಾಡಿದವರ ಹೆಸರು, ಮತ್ತೆ ವಿಚಾರಿಸಬೇಕಾದ ದಿನಾಂಕ ಇವೂ ಇರಬೇಕು. ಸಂಜೆಯ ಮೆಟ್ರೊದಲ್ಲಿ ಕೆಂಗೇರಿಗೆ ಮರಳುವ ರೋಗಿಯ ಪಾಲಿಗೆ, ಮುಂದಿನ ಸುತ್ತಿಗೆ ಬರುವ ಮನಸ್ಸು ಉಳಿಯುತ್ತದೆಯೇ ಇಲ್ಲವೇ ಎಂಬುದು ಆ ಒಂದು ಸಾಲನ್ನೇ ಅವಲಂಬಿಸಿರಬಹುದು.